ರೂವಾರಿ ಮಲ್ಲಿತಮ್ಮನನ್ನು ಬಲ್ಲಿರಾ?



ಮೈಕೆಲ್ಯಾಂಜೆಲೊ ಯಾರು ಎಂದು ನಮ್ಮ ಕ್ರೇಗಿಬರ್ನಿನ ಯಾವ ಮನೆಯ ಮಕ್ಕಳನ್ನು ಕೇಳಿದರೂ ಏನಾದರೊಂದು ಉತ್ತರ ಬರುತ್ತದೆ. ಇಲ್ಲಿಯ ಶಾಲೆಗಳ ಎಂಟನೆಯ ತರಗತಿಯ ಚರಿತ್ರೆಯಲ್ಲಿ ರಿನೈಸಾನ್ಸ್ ಕಾಲದ ಇಟಲಿ ಆರಿಸಿಕೊಳ್ಳಬಹುದಾದ ಪಾಠಗಳಲ್ಲಿ ಒಂದು. ಆ ಪಾಠ ಆಗದ ಮಕ್ಕಳಿಗೂ ನಿಂಜಾ ಟರ್ಟಲ್ಸ್ ಕಾರ್ಟೂನಿನ ದಯೆಯಿಂದ ಡೊನಾಟೆಲೊ, ರಫೇಲ್, ಮೈಕೆಲ್ಯಾಂಜೆಲೊ ಎಂಬ ಹೆಸರುಗಳು ಬಾಯಿಪಾಠ. ಅದೇ ಮಕ್ಕಳು ತಿರುಗಿ, “ಅಪ್ಪಾ, ನಮ್ಮವರಲ್ಲಿ ಅಂಥವರು ಯಾರು?” ಎಂದು ಕೇಳಿದರೆ ದೊಡ್ಡವರಾದ ನಾವು ಕೊಡುವ ಉತ್ತರ ಎರಡು. ಒಂದು, “ಜಕಣಾಚಾರಿ.” ಇನ್ನೊಂದು, “ನಮ್ಮ ಶಿಲ್ಪಿಗಳು ಹೆಸರಿಗೆ ಆಸೆಪಟ್ಟವರಲ್ಲ ಕಂದಾ, ದೇವರ ಕೆಲಸ ಎಂದು ಅನಾಮಿಕರಾಗಿ ದುಡಿದು ಹೋದರು.”

ಎರಡೂ ಕಿವಿಗೆ ಇಂಪಾದ ಉತ್ತರಗಳೇ. ಆದರೆ ಕಲ್ಲು ಬೇರೆಯದನ್ನೇ ಹೇಳುತ್ತದೆ. ಹೊಯ್ಸಳರ ಕಾಲದ ನಮ್ಮ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ, ಅಚ್ಚ ಕನ್ನಡ ಅಕ್ಷರಗಳಲ್ಲಿ, ತಾವು ಕಡೆದ ವಿಗ್ರಹಗಳ ಪೀಠದ ಮೇಲೆ ಕೆತ್ತಿಟ್ಟು ಹೋಗಿದ್ದಾರೆ. ಓದದೆ ಬಿಟ್ಟವರು ನಾವು. ಅಂಥ ಹೆಸರುಗಳಲ್ಲಿ ಅತಿ ಹೆಚ್ಚು ಕಡೆ ಕಾಣಸಿಗುವ ಒಂದು ಹೆಸರನ್ನು, ರೂವಾರಿ ಮಲ್ಲಿತಮ್ಮನನ್ನು, ಈ ಸಂಚಿಕೆಯ ಓದುಗರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಜೆರಾಕ್ಸ್ ಪ್ರತಿಯಲ್ಲಿ ಫೋಟೋ ಹಾಕಿದರೆ ಕಲ್ಲೂ ಮಸಿಯೂ ಒಂದೇ ಆಗಿಬಿಡುತ್ತದೆ. ಆದ್ದರಿಂದ ಮಾತಿನಲ್ಲೇ ತೋರಿಸಲು ಪ್ರಯತ್ನಿಸುತ್ತೇನೆ.

ಜಕಣಾಚಾರಿಯ ಕಥೆ

ಮೊದಲು ಜಕಣಾಚಾರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ತುಮಕೂರಿನ ಹತ್ತಿರದ ಕೈದಾಳದವನು; ಹೆಂಡತಿಯನ್ನು ಬಿಟ್ಟು ಶಿಲ್ಪದ ಹುಚ್ಚಿನಲ್ಲಿ ದೇಶಾಂತರ ಹೋದವನು; ಬೇಲೂರಿನಲ್ಲಿ ಅವನು ಕಡೆದ ಮೂರ್ತಿಯಲ್ಲಿ ದೋಷವಿದೆಯೆಂದು ಒಬ್ಬ ಹುಡುಗ ಹೇಳಿದ; ಪರೀಕ್ಷಿಸಿದರೆ ಕಲ್ಲಿನ ಹೊಟ್ಟೆಯಿಂದ ನೀರೂ ಕಪ್ಪೆಯೂ ಹೊರಬಂದವು; ಮಾತಿಗೆ ತಪ್ಪದೆ ಜಕಣಾಚಾರಿ ತನ್ನ ಬಲಗೈಯನ್ನೇ ಕಡಿದುಕೊಂಡ; ಆ ಹುಡುಗ ಡಂಕಣ ತನ್ನ ಮಗನೇ ಎಂದು ಆಮೇಲೆ ತಿಳಿಯಿತು. 1964ರಲ್ಲಿ ಬಂದ ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರದಲ್ಲಿ ಕಲ್ಯಾಣ್‌ಕುಮಾರ್ ಮತ್ತು ಬಿ. ಸರೋಜಾದೇವಿ ಅಭಿನಯಿಸಿದ್ದನ್ನು ನಮ್ಮಲ್ಲಿ ಹಿರಿಯರು ಮರೆತಿರಲಾರರು. ಕರ್ನಾಟಕ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಕೂಡ ಆ ಹೆಸರಿನಲ್ಲೇ ಇದೆ.

ಕಥೆ ಚೆನ್ನಾಗಿದೆ. ಆದರೆ ಊರಿನ ಕಡೆ ಗಮನಿಸಿ ನೋಡಿ: ಧಾರವಾಡದ ಕಡೆಯ ಚಾಲುಕ್ಯರ ಗುಡಿಯಾಗಲಿ, ಹಾಸನದ ಹೊಯ್ಸಳರ ಗುಡಿಯಾಗಲಿ, ಮೈಸೂರಿನ ಹತ್ತಿರದ ಸೋಮನಾಥಪುರವಾಗಲಿ, ಕೇಳಿದರೆ “ಜಕಣಾಚಾರಿ ಕಟ್ಟಿದ್ದು” ಎನ್ನುತ್ತಾರೆ. ಇಷ್ಟೂ ಗುಡಿಗಳ ಕಾಲ ಇನ್ನೂರು ವರ್ಷಕ್ಕೂ ಮೀರಿ ಹರಡಿದೆ. ಒಬ್ಬ ಮನುಷ್ಯನ ಎರಡು ಕೈಗೆ ಸಾಧ್ಯವಾಗುವ ಕೆಲಸವಲ್ಲ. ಅಂದರೆ ಜಕಣಾಚಾರಿ ಎಂಬುದು ನೂರಾರು ಜನರ ದುಡಿಮೆಯನ್ನು ನಮ್ಮ ಜನ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡ ಹೆಸರು. ಗಂಟನ್ನು ಬಿಚ್ಚಿ ನೋಡುವ ಕಾಲ ಬಂದಿದೆ.

ಬಿಚ್ಚಿದರೆ ಯಾರು ಸಿಗುತ್ತಾರೆ? ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ಸಿಗುತ್ತಾನೆ, ಅವನ ಮಗ ಚಾವಣ ಸಿಗುತ್ತಾನೆ. ತಂದೆ ಮಗ ಇಬ್ಬರೂ ಮದನಿಕೆಯರನ್ನು ಕಡೆದು ಹೆಸರು ಹಾಕಿದವರು. ಜಕಣ-ಡಂಕಣರ ಕಥೆಯ ತಂದೆ-ಮಗನ ಎಳೆ ಬರೀ ಕಲ್ಪನೆಯಲ್ಲ ಅನ್ನಿಸುವುದಿಲ್ಲವೇ? ಇನ್ನು ಹೆಸರಿಗೆ ಆಸೆಪಡಲಿಲ್ಲ ಎಂಬ ಮಾತು. ಬೇಲೂರಿನ ರೂವಾರಿಗಳು ಬರೀ ಹೆಸರು ಹಾಕಿ ಸುಮ್ಮನಾದವರಲ್ಲ, ಬಿರುದನ್ನೂ ಸೇರಿಸಿದರು. ಬಿರುದಾಂಕಿತ ರೂವಾರಿಗಳೆಂಬ ಮನ್ಮಥನಿಗೆ ತಾನು ಮಹೇಶ್ವರ ಎಂದು ಒಬ್ಬ. ಅವರು ಆನೆಗಳಾದರೆ ತಾನು ಸಿಂಹ ಎಂಬ ಧಾಟಿಯಲ್ಲಿ ಮತ್ತೊಬ್ಬ. ಇದು ವಿನಯದ ಮಾತೇ? ಕುಸ್ತಿ ಅಖಾಡದ ಮಾತು! ಕಥೆಯ ಶಿಲ್ಪಿ ಕೈ ಕಡಿದುಕೊಂಡ. ಕಲ್ಲಿನ ಶಿಲ್ಪಿ ತೊಡೆ ತಟ್ಟಿದ. ನನಗಂತೂ ಎರಡನೆಯವನು ಹೆಚ್ಚು ಮನುಷ್ಯನಾಗಿ ಕಾಣುತ್ತಾನೆ.

ಅಮೃತಪುರದಿಂದ ಸೋಮನಾಥಪುರಕ್ಕೆ

ಈ ತೊಡೆ ತಟ್ಟುವವರ ನಡುವೆ ಮಲ್ಲಿತಮ್ಮ ಬೇರೆ ಬಗೆಯವನು. ಮೊದಲು ಅವನ ಹೆಸರು ಕಾಣಿಸುವುದು ತರೀಕೆರೆ ಹತ್ತಿರದ ಅಮೃತಪುರದಲ್ಲಿ. ವೀರಬಲ್ಲಾಳನ ದಂಡನಾಯಕನೊಬ್ಬ 1196ರಲ್ಲಿ ಅಲ್ಲಿ ಅಮೃತೇಶ್ವರ ಗುಡಿಯನ್ನು ಕಟ್ಟಿಸಿದ. ಅದರ ಮಂಟಪದ ಒಳಮಾಳಿಗೆಯ ಭುವನೇಶ್ವರಿಗಳಲ್ಲಿ, ಅಂದರೆ ಕಮಲದಂತೆ ಸುತ್ತುಸುತ್ತಾಗಿ ಮೇಲೇರಿ ಹೋಗುವ ಕಲ್ಲಿನ ಛಾವಣಿಗಳಲ್ಲಿ, ಮಲ್ಲಿತಮ್ಮ ತನ್ನ ಕಸುಬನ್ನು ಆರಂಭಿಸಿದ ಎಂದು ವಿದ್ವಾಂಸರು ಹೇಳುತ್ತಾರೆ. ಅದೇ ಗುಡಿಯ ಶಾಸನವನ್ನು ರಚಿಸಿದವನು ಯಾರು ಗೊತ್ತೇ? ‘ಯಶೋಧರ ಚರಿತೆ’ಯ ಜನ್ನ! ಒಂದೇ ಗುಡಿಯಲ್ಲಿ ಒಬ್ಬ ಕವಿ, ಒಬ್ಬ ರೂವಾರಿ. ಜನ್ನನನ್ನು ನಾವೆಲ್ಲ ಹೈಸ್ಕೂಲಿನಲ್ಲಿ, ಪಿ.ಯು.ಸಿ.ಯಲ್ಲಿ ಓದಿ ಪರೀಕ್ಷೆ ಬರೆದೆವು. ಅವನ ಪಕ್ಕದಲ್ಲೇ ಉಳಿ ಹಿಡಿದು ನಿಂತಿದ್ದವನ ಹೆಸರನ್ನು ನಮಗೆ ಯಾವ ಮೇಷ್ಟರೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಈ ಹೆಸರು ಊರಿಂದೂರಿಗೆ ನಡೆಯುತ್ತದೆ. ಅರಸೀಕೆರೆ ಕಡೆಯ ಹಾರನಹಳ್ಳಿಯ ಲಕ್ಷ್ಮೀನರಸಿಂಹ ಗುಡಿ, ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿ, ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ. ಕೊನೆಗೆ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಾವೇರಿಯ ದಡದಲ್ಲಿ ತನ್ನ ಹೆಸರಿನ ಅಗ್ರಹಾರ ಮಾಡಿ ಕಟ್ಟಿಸಿದ ಕೇಶವ ದೇವಾಲಯ. ಅಲ್ಲಿ ಸುಮಾರು ನಲವತ್ತು ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನ ಹೆಸರಿದೆ. ಕೆಲವೆಡೆ ಪೂರ್ತಿಯಾಗಿ, ಕೆಲವೆಡೆ ಬರೀ ‘ಮಲ್ಲಿ’ ಎಂದು ಮೊಟಕಾಗಿ. ಬಿರುದಿಲ್ಲ, ಬಾವಲಿಯಿಲ್ಲ. ಅವನ ಜೊತೆಗಾರರ ಹೆಸರುಗಳೂ ಅಲ್ಲಿವೆ: ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ. ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಚಾಮಯ್ಯ, ರಾಮಯ್ಯ, ಚೌಡಯ್ಯ, ನಂಜಯ್ಯ! ಮೈಸೂರು ಸೀಮೆಯ ನಮ್ಮ ಅಜ್ಜಂದಿರ ಹೆಸರುಗಳಲ್ಲವೇ ಇವು? ಏಳುನೂರೈವತ್ತು ವರ್ಷದ ಹಿಂದಿನ ಹಾಜರಿ ಪುಸ್ತಕ ಓದಿದಂತಾಗುತ್ತದೆ.

ಇಲ್ಲೊಂದು ಲೆಕ್ಕದ ಪ್ರಶ್ನೆಯಿದೆ. 1196ರಿಂದ ಸೋಮನಾಥಪುರದವರೆಗೆ ಅರವತ್ತು ವರ್ಷಕ್ಕೂ ಮೇಲೆ. ಇಪ್ಪತ್ತರಲ್ಲಿ ಉಳಿ ಹಿಡಿದನೆಂದರೂ ಕೊನೆಯ ಹೊತ್ತಿಗೆ ಎಂಬತ್ತು ದಾಟಿರಬೇಕು. ಒಬ್ಬನೇ ಮನುಷ್ಯನೇ? ಅಸಾಧ್ಯವೇನಲ್ಲ. ಮೈಕೆಲ್ಯಾಂಜೆಲೊ ಎಪ್ಪತ್ತೊಂದರ ವಯಸ್ಸಿನಲ್ಲಿ, 1546ರಲ್ಲಿ, ರೋಮಿನ ಸೇಂಟ್ ಪೀಟರ್ಸ್ ಚರ್ಚಿನ ವಾಸ್ತುಶಿಲ್ಪಿಯಾದ. 1564ರಲ್ಲಿ ಎಂಬತ್ತೆಂಟರಲ್ಲಿ ತೀರಿಕೊಳ್ಳುವ ಕೆಲವೇ ದಿನ ಮುಂಚಿನವರೆಗೂ ಕಲ್ಲು ಕಡೆಯುತ್ತಿದ್ದ. ಆದರೂ ಒಂದು ಗುಡಿಯಲ್ಲಿ ನಲವತ್ತು ವಿಗ್ರಹಗಳನ್ನು ಎಂಬತ್ತರ ಮುದುಕನ ಕೈಯೊಂದೇ ಕಡೆದಿರುವುದು ಕಷ್ಟ. ಮಲ್ಲಿತಮ್ಮ ಎಂಬುದು ಒಬ್ಬ ಗುರುವಿನ ಹೆಸರೂ ಹೌದು, ಅವನ ಕೈಕೆಳಗೆ ಕಲಿತ ಬಳಗದ ಮುದ್ರೆಯೂ ಹೌದು ಎಂದು ತಿಳಿಯುವುದೇ ನನಗೆ ಸರಿಯೆನಿಸುತ್ತದೆ. ಇದರಿಂದ ಅವನ ಹಿರಿಮೆ ಕಡಿಮೆಯಾಗುವುದಿಲ್ಲ. ಫ್ಲಾರೆನ್ಸಿನ ದೊಡ್ಡ ಕಲಾವಿದರ ಅಂಗಡಿಗಳೂ ಹೀಗೆಯೇ ನಡೆಯುತ್ತಿದ್ದವು: ಗುರುವಿನ ಹೆಸರು, ಶಿಷ್ಯರ ಬೆವರು.

ಅವನ ಕೆಲಸ ಹೇಗಿದೆ?

ಈಗ ವಿಮರ್ಶೆಯ ಮಾತು. ಹೊಗಳಿಕೆಯಷ್ಟೇ ಆದರೆ ಅದು ಸನ್ಮಾನ ಪತ್ರವಾದೀತು. ಬೇಲೂರು ನೋಡಿ ಬಂದವರು ಸೋಮನಾಥಪುರ ನೋಡಿದರೆ ಸಾಮಾನ್ಯವಾಗಿ ಹೇಳುವ ಆಕ್ಷೇಪಣೆ ಇದು: “ವಿಗ್ರಹಗಳು ಗಿಡ್ಡ, ಒಡವೆ ಜಾಸ್ತಿ, ಎಲ್ಲಾ ಒಂದೇ ಥರ ಕಾಣುತ್ತವೆ.” ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಚಾವಣನ ಮದನಿಕೆಯ ಸೊಂಟದ ಬಳುಕು, ಕೈಬೆರಳಿನ ಆ ಹಗುರ ಇಲ್ಲಿ ಅಪರೂಪ. ವಿಷ್ಣುವಿನ ಬೇರೆ ಬೇರೆ ರೂಪಗಳು ಸಾಲಾಗಿ ನಿಂತಾಗ ಶಂಖ ಚಕ್ರ ಗದಾ ಪದ್ಮಗಳು ಕೈ ಬದಲಿಸಿದ್ದನ್ನು ಬಿಟ್ಟರೆ ವ್ಯತ್ಯಾಸ ಹುಡುಕಬೇಕಾಗುತ್ತದೆ.

ಆದರೆ ಇದಕ್ಕೆ ಕಾರಣ ಕೈಯಲ್ಲಿ ಮಾತ್ರವಿಲ್ಲ, ಗೋಡೆಯಲ್ಲಿದೆ. ಬೇಲೂರಿನ ಮದನಿಕೆ ಸೂರಿನ ಕೆಳಗೆ ಕಂಬದ ತಲೆಯ ಮೇಲೆ ಓರೆಯಾಗಿ ನಿಂತವಳು. ಅವಳ ಸುತ್ತ ಗಾಳಿಯಿದೆ, ಒಬ್ಬೊಬ್ಬಳಿಗೂ ಅವಳದೇ ಚೌಕಟ್ಟಿದೆ. ಒಟ್ಟು ನಲವತ್ತೆರಡು ಮದನಿಕೆಯರು, ಒಬ್ಬೊಬ್ಬರನ್ನು ಬೇರೆಯಾಗಿಯೇ ನೋಡಬೇಕು. ಸೋಮನಾಥಪುರದ ಹೊತ್ತಿಗೆ ಗುಡಿಯ ಗೋಡೆಯ ರೀತಿಯೇ ಬದಲಾಗಿತ್ತು. ಒಂದರ ಬದಲು ಎರಡು ಸೂರು ಬಂದಿತ್ತು. ಮೇಲಿನ ಸೂರಿಗೂ ಕೆಳಗಿನ ಸೂರಿಗೂ ನಡುವೆ ಕಿರುಗೋಪುರಗಳ ಸಾಲು. ಕೆಳಗೆ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣ ಕಥೆಗಳು, ಮಕರ, ಹಂಸ ಎಂದು ಆರು ಪಟ್ಟಿಕೆಗಳು. ಇವುಗಳ ಮಧ್ಯೆ ಉಳಿದ ಜಾಗವೇ ದೊಡ್ಡ ವಿಗ್ರಹಗಳಿಗೆ. ಸೂತ್ರ ಹಿಡಿದು ಅಳತೆ ಹಾಕಿದವನು ಕೊಟ್ಟ ಎತ್ತರ ಇಷ್ಟೇ ಆದಾಗ ರೂವಾರಿ ದೇವರನ್ನು ಎಲ್ಲಿಂದ ಉದ್ದ ಮಾಡಿಯಾನು?

ಅಷ್ಟೇ ಅಲ್ಲ. ಆ ಗರ್ಭಗುಡಿಗಳ ಹೊರಗೋಡೆ ಹದಿನಾರು ಮೂಲೆಯ ನಕ್ಷತ್ರ. ಗೋಡೆ ಪ್ರತಿ ಹೆಜ್ಜೆಗೂ ಮಡಿಸಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಜಗತಿಯ ಮೇಲೆ ಪ್ರದಕ್ಷಿಣೆ ಹೊರಟರೆ ಒಂದು ಮುಖಕ್ಕೆ ಬಿಸಿಲು, ಮುಂದಿನ ಮುಖಕ್ಕೆ ನೆರಳು. ಇಲ್ಲಿಯ ವಿಗ್ರಹಗಳನ್ನು ನಿಂತು ನೋಡುವಂತೆ ಮಾಡಿಲ್ಲ, ನಡೆಯುತ್ತ ನೋಡುವಂತೆ ಮಾಡಿದೆ. ಕುಣಿಯುವ ಗಣಪತಿ, ಕುಣಿಯುವ ಸರಸ್ವತಿ, ಐರಾವತದ ಮೇಲೆ ಶಚಿಯೊಡನೆ ಇಂದ್ರ ಒಬ್ಬರಾದ ಮೇಲೊಬ್ಬರು ಮಡಿಕೆಯ ಹಿಂದಿನಿಂದ ಬಂದು ಎದುರಾಗುತ್ತಾರೆ. ಆಳವಾಗಿ ಕೊರೆದ ಒಡವೆಯ ಅಂಚುಗಳು ನೆರಳು ಹಿಡಿಯದಿದ್ದರೆ ದೂರದಿಂದ ಈ ರೂಪಗಳು ಗೋಡೆಯಲ್ಲೇ ಕರಗಿಹೋಗುತ್ತಿದ್ದವು. ಒಡವೆ ಹೇರಿದ್ದು ಶೋಕಿಗೆ ಮಾತ್ರವಲ್ಲ, ಕಣ್ಣಿಗೆ ಸಿಕ್ಕಲಿ ಎಂದು. ಬೇಲೂರು ಭಾವಗೀತೆಗಳ ಸಂಕಲನವಾದರೆ ಸೋಮನಾಥಪುರ ಒಂದು ದೊಡ್ಡ ಕಾವ್ಯ. ಕಾವ್ಯದಲ್ಲಿ ಪ್ರತಿ ಪದ್ಯವೂ ಮಿಂಚಬೇಕೆಂದು ಕೇಳುವುದು ನ್ಯಾಯವಲ್ಲ.

ಕಲ್ಲಿನ ಮಾತನ್ನೂ ಹೇಳಬೇಕು. ನಮ್ಮ ಮೆಲ್ಬರ್ನಿನ ಹಳೆಯ ಕಟ್ಟಡಗಳ, ಓಣಿಗಳ ಬ್ಲೂಸ್ಟೋನ್ ನೋಡಿದ್ದೀರಲ್ಲ, ಅದು ಜ್ವಾಲಾಮುಖಿಯ ಕಲ್ಲು. ಇಟ್ಟಿಗೆಯಂತೆ ಒಡೆದು ಜೋಡಿಸಬಹುದು, ಅದರಲ್ಲಿ ಮುತ್ತಿನ ಸರ ಕಡೆಯಲಾಗದು. ಹೊಯ್ಸಳರು ಆರಿಸಿಕೊಂಡದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ದಂತದಲ್ಲಿ, ಗಂಧದಲ್ಲಿ ಮಾಡುವ ಕುಸುರಿಯನ್ನು ಆ ಕಲ್ಲಿನಲ್ಲಿ ಮಾಡಬಹುದಿತ್ತು. ಫ್ಲಾರೆನ್ಸಿನಲ್ಲೂ ಹೀಗೆಯೇ: ಚರ್ಚಿನ ಮಹಾಗುಮ್ಮಟವನ್ನು 1420ರಿಂದ 1436ರವರೆಗೆ ಕಟ್ಟಿದ ಬ್ರುನೆಲೆಸ್ಕಿ, ಅಲ್ಲಿಯೇ ಎದುರಿನ ಕಂಚಿನ ಬಾಗಿಲುಗಳನ್ನು ಮಾಡಿದ ಗಿಬರ್ಟಿ ಇಬ್ಬರೂ ಅಕ್ಕಸಾಲಿ ಕೆಲಸ ಕಲಿತು ಬಂದವರು. 1401ರ ಬಾಗಿಲಿನ ಸ್ಪರ್ಧೆಯಲ್ಲಿ ಗಿಬರ್ಟಿ ಗೆದ್ದ, ಬ್ರುನೆಲೆಸ್ಕಿ ಸೋತು ಗುಮ್ಮಟದಲ್ಲಿ ಗೆದ್ದ. ಸಣ್ಣ ಕುಸುರಿಯ ಕೈಗಳೇ ದೊಡ್ಡ ಕಟ್ಟಡವನ್ನೂ ಕಂಡವು.

ಮಲ್ಲಿತಮ್ಮನ ಕೈಯನ್ನು ಬೇರೆಯವರ ಕೈಯಿಂದ ಬೇರ್ಪಡಿಸಿ ನೋಡಲು ನುಗ್ಗೇಹಳ್ಳಿಯೇ ಒಳ್ಳೆಯ ಜಾಗ. ಅಲ್ಲಿ ಗುಡಿಯ ಒಂದು ಬದಿ ನಂದಿಯ ಬೈಚೋಜನದು, ಮತ್ತೊಂದು ಬದಿ ಮಲ್ಲಿತಮ್ಮನದು. ಒಂದೇ ಗುಡಿ, ಒಂದೇ ಕಲ್ಲು, ಒಂದೇ ಅಳತೆ, ಎರಡು ಮನಸ್ಸು. ಊರಿಗೆ ಹೋದಾಗ ಬೇಲೂರು-ಹಳೇಬೀಡು ಮಾತ್ರ ನೋಡಿ ಬಸ್ಸು ಹತ್ತುವವರು ಚನ್ನರಾಯಪಟ್ಟಣದ ಕಡೆ ತಿರುಗಿ ಈ ಒಂದು ಗುಡಿಯನ್ನು ನೋಡಿ ಬನ್ನಿ. ಮಕ್ಕಳಿಗೆ ಹೇಳಿ: “ಎಡಬದಿಯನ್ನೂ ಬಲಬದಿಯನ್ನೂ ನೋಡಿ, ಇಬ್ಬರಲ್ಲಿ ನಿನಗೆ ಯಾರು ಇಷ್ಟ?” ವಿಮರ್ಶೆ ಎಂದರೆ ಇಷ್ಟೇ, ನೋಡಿ ಹೇಳುವುದು.

ಹೆಸರು ಉಳಿಯುವ ಬಗೆ

ನಾವು ಇಟಲಿಯವರಿಗಿಂತ ಮೊದಲು ಎಂದು ಜಂಬ ಕೊಚ್ಚಲು ಇದನ್ನು ಬರೆಯುತ್ತಿಲ್ಲ. ಇಟಲಿಯ ಮೊಡೆನಾ ಊರಿನ ಚರ್ಚಿನ ಗೋಡೆಯಲ್ಲಿ ಬೇಲೂರಿಗಿಂತ ಕೊಂಚ ಮುಂಚೆಯೇ ವಿಲಿಜೆಲ್ಮೊ ಎಂಬ ಶಿಲ್ಪಿಯ ಹೆಸರನ್ನು ಕೆತ್ತಿದ್ದಾರೆ. ನಮ್ಮಲ್ಲೂ ಅದಕ್ಕಿಂತ ಹಿಂದೆ, ಎಂಟನೆಯ ಶತಮಾನದಲ್ಲಿ, ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯ ಕನ್ನಡ ಶಾಸನ ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನು, ಅವನಿಗೆ ದೊರೆ ಕೊಟ್ಟ ತ್ರಿಭುವನಾಚಾರಿ ಎಂಬ ಬಿರುದನ್ನು ಹೇಳುತ್ತದೆ. ಕೆಲಸಗಾರನಿಗೆ ತನ್ನ ಹೆಸರಿನ ಮೇಲೆ ಪ್ರೀತಿ ಎಲ್ಲ ದೇಶದಲ್ಲೂ ಇದ್ದದ್ದೇ. ಮೈಕೆಲ್ಯಾಂಜೆಲೊ ಜೀವಮಾನದಲ್ಲಿ ಹೆಸರು ಹಾಕಿದ್ದು ಒಂದೇ ಒಂದು ಶಿಲ್ಪದ ಮೇಲೆ, ರೋಮಿನ ಪಿಯೆಟಾದ ಮೇಲೆ. ನೋಡಬಂದವರು ಅದನ್ನು ಬೇರೆ ಯಾರದೋ ಕೆಲಸ ಎಂದದ್ದು ಕಿವಿಗೆ ಬಿದ್ದು ರಾತ್ರಿ ಹೋಗಿ ಕೆತ್ತಿದ ಎಂಬ ಕಥೆಯಿದೆ.

ವ್ಯತ್ಯಾಸ ಬಂದದ್ದು ಎಲ್ಲಿ? ಅವರಿಗೆ ವಸಾರಿ ಇದ್ದ. 1550ರಲ್ಲಿ ಆತ ತನ್ನ ನಾಡಿನ ಚಿತ್ರಕಾರರು, ಶಿಲ್ಪಿಗಳು, ವಾಸ್ತುಶಿಲ್ಪಿಗಳ ಜೀವನ ಚರಿತ್ರೆಗಳನ್ನು ಬರೆದು ಅಚ್ಚು ಹಾಕಿಸಿದ. ಅಂದಿನಿಂದ ಇಂದಿನ ಕಾರ್ಟೂನಿನವರೆಗೆ ಆ ಹೆಸರುಗಳು ಬಾಯಿಂದ ಬಾಯಿಗೆ ಬಂದವು. ನಮ್ಮಲ್ಲಿ ಆ ಕೆಲಸಕ್ಕೆ ಕೈಹಾಕಿದವರು ಆರ್. ನರಸಿಂಹಾಚಾರ್ಯರು. ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಅವರು 1917ರಲ್ಲಿ ಸೋಮನಾಥಪುರದ ಮೇಲೆ ಪುಸ್ತಕ ತಂದು ಪೀಠಗಳ ಮೇಲಿನ ಈ ಹೆಸರುಗಳನ್ನು ಪಟ್ಟಿ ಮಾಡಿಕೊಟ್ಟರು. ‘ಕರ್ನಾಟಕ ಕವಿಚರಿತೆ’ ಬರೆದು ನಮ್ಮ ಕವಿಗಳನ್ನು ಕತ್ತಲೆಯಿಂದ ಹೊರತಂದವರೂ ಅವರೇ ಎಂಬುದನ್ನು ನೆನೆಯಿರಿ. ಆಮೇಲೆ ಷ. ಶೆಟ್ಟರ್ ಅವರಂಥ ವಿದ್ವಾಂಸರು ಹೊಯ್ಸಳ ರೂವಾರಿಗಳ ಬಗ್ಗೆ ಬಹಳ ದುಡಿದರು. ಕವಿಚರಿತೆ ನಮ್ಮ ಪಾಠಪುಸ್ತಕಕ್ಕೆ ಬಂತು, ರೂವಾರಿಗಳ ಪಟ್ಟಿ ಲೈಬ್ರರಿಯಲ್ಲೇ ಉಳಿಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ಫೋಟೋಗಳನ್ನು ಒಬ್ಬರಿಗೊಬ್ಬರು ಕಳಿಸಿದೆವು. ಎಷ್ಟು ಫೋಟೋಗಳ ಕೆಳಗೆ ಮಲ್ಲಿತಮ್ಮನ ಹೆಸರಿತ್ತು?

ತಮಾಷೆಯೆಂದರೆ ‘ರೂವಾರಿ’ ಎಂಬ ಮಾತು ಮಾತ್ರ ಇನ್ನೂ ಬದುಕಿದೆ. ಪತ್ರಿಕೆಗಳಲ್ಲಿ ‘ಈ ಯೋಜನೆಯ ರೂವಾರಿ’, ‘ಗೆಲುವಿನ ರೂವಾರಿ’ ಎಂದು ದಿನವೂ ಓದುತ್ತೇವೆ. ಮಂತ್ರಿಗೂ ಕ್ರಿಕೆಟ್ ಆಟಗಾರನಿಗೂ ಆ ಪದವಿ ಧಾರಾಳವಾಗಿ ಸಿಗುತ್ತದೆ. ಆ ಪದವಿಯ ಮೂಲ ಒಡೆಯರು ಉಳಿ ಹಿಡಿದವರು ಎಂಬುದು ಮರೆತುಹೋಗಿದೆ.

ನಾವು ಏನು ಮಾಡಬಹುದು?

ಇದು ಏಳುನೂರು ವರ್ಷದ ಹಿಂದಿನ ಮಾತು, ಕ್ರೇಗಿಬರ್ನಿಗೆ ಏನು ಸಂಬಂಧ ಎನ್ನಬಹುದು. ಸಂಬಂಧವಿದೆ. ಈ ದೇಶದಲ್ಲೂ ನಾವು ಕಟ್ಟುತ್ತಿದ್ದೇವೆ. ಸಿಡ್ನಿ ಹತ್ತಿರದ ಹೆಲೆನ್ಸ್‌ಬರ್ಗ್‌ನಲ್ಲಿ ವೆಂಕಟೇಶ್ವರನ ಗುಡಿಯಾಯಿತು, ನಮ್ಮ ಮೆಲ್ಬರ್ನಿನ ಕ್ಯಾರಮ್ ಡೌನ್ಸ್‌ನಲ್ಲಿ ಶಿವ-ವಿಷ್ಣು ಗುಡಿಯಾಯಿತು. ಪರದೇಶದಲ್ಲಿ ಎಲ್ಲೇ ಗುಡಿ ಕಟ್ಟಿದರೂ ಊರ ಕಡೆಯಿಂದ ಶಿಲ್ಪಿಗಳು ವಿಮಾನವೇರಿ ಬರುತ್ತಾರೆ, ತಿಂಗಳುಗಟ್ಟಲೆ ಚಳಿಯಲ್ಲಿ ಗಾರೆ ಮೆತ್ತಿ ದೇವರ ಮುಖ ತಿದ್ದುತ್ತಾರೆ, ಹೊರಟುಹೋಗುತ್ತಾರೆ. ದಾನಿಗಳ ಹೆಸರಿಗೆ ಫಲಕವಿರುತ್ತದೆ. ಇರಲಿ, ಕೊಟ್ಟವರ ಹೆಸರು ಇರಬೇಕಾದ್ದೇ. ಸೋಮನಾಥಪುರದ ಮುಂಬಾಗಿಲ ದೊಡ್ಡ ಶಾಸನವೂ ಸೋಮನಾಥ ದಂಡನಾಯಕನ ಕೀರ್ತಿಯನ್ನೂ ದಾನವನ್ನೂ ಹೇಳುತ್ತದೆ. ಆದರೆ ಅದೇ ಗುಡಿಯಲ್ಲಿ ಮಲ್ಲಿತಮ್ಮನಿಗೆ ತನ್ನ ಹೆಸರು ಕೆತ್ತಿಕೊಳ್ಳಲು ಯಾರೂ ಅಡ್ಡಿ ಮಾಡಲಿಲ್ಲ. ಆ ದಂಡನಾಯಕನಿಗಿದ್ದ ಔದಾರ್ಯ ಇಂದಿನ ಕಮಿಟಿಗಳಿಗೂ ಇರಬೇಡವೇ? ದಾನಿಗಳ ಫಲಕದ ಪಕ್ಕದಲ್ಲಿ ಕೆಲಸ ಮಾಡಿದವರ ಹೆಸರಿಗೆ ಎರಡು ಸಾಲು ಜಾಗ ಬಿಡುವುದು ದೊಡ್ಡ ಖರ್ಚಿನ ಮಾತಲ್ಲ.

ಮಕ್ಕಳ ವಿಚಾರದಲ್ಲಿ ಇನ್ನೊಂದು ಸಲಹೆ. ಕನ್ನಡ ತರಗತಿಗೆ ಬರುವ ಮಕ್ಕಳು “ಅಕ್ಷರ ಕಲಿತು ಏನು ಮಾಡಬೇಕು?” ಎಂದು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಇಲ್ಲಿಯ ಬಸ್ಸಿನ ಮೇಲೆ ಕನ್ನಡವಿಲ್ಲ, ಅಂಗಡಿಯ ಮೇಲೆ ಕನ್ನಡವಿಲ್ಲ. ಜಕಣಾಚಾರಿಯ ಕಥೆಯನ್ನು ಖಂಡಿತ ಹೇಳಿ, ಕಪ್ಪೆಯನ್ನೂ ಬಿಡಬೇಡಿ. ಅದರ ಜೊತೆಗೆ ದಾಸೋಜ, ಚಾವಣ, ಬೈಚೋಜ, ಮಲ್ಲಿತಮ್ಮ ಎಂಬ ನಾಲ್ಕು ಹೆಸರುಗಳನ್ನು ಬರೆಯಿಸಿ. ಹಳಗನ್ನಡದ ಅಕ್ಷರಗಳ ಆಕಾರ ಸ್ವಲ್ಪ ಬೇರೆ. ದೊಡ್ಡವರು ಒಮ್ಮೆ ಬೆರಳಿಟ್ಟು ತೋರಿಸಿದರೆ ‘ಮ’ವನ್ನೂ ‘ಲ್ಲಿ’ಯನ್ನೂ ಮಕ್ಕಳು ತಾವೇ ಹಿಡಿಯುತ್ತಾರೆ. ಮೈಕೆಲ್ಯಾಂಜೆಲೊನ ಲ್ಯಾಟಿನ್ ಸಹಿಯನ್ನು ಓದಲು ಅವರಿಗೆ ಗೈಡ್ ಬೇಕು. ಮಲ್ಲಿತಮ್ಮನ ಸಹಿಯನ್ನು ಓದಲು, ನಾವು ಭಾನುವಾರ ಕಲಿಸುವ ಅಕ್ಷರ ಸಾಕು.